ನಡುಗಂಬದ ಗಂಟು

ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಹೆಂಗಸು ಎದ್ದು ಬಂದು, ಕೆಲಸಕ್ಕೆ ಬಂದ ಹೊಸಬಳ ಕೈ ಹಿಡಿದುಕೊಂಡಳು. ಕತ್ತಿಗೆ ಮಾಸಿದ ಬಟ್ಟೆ ಸುತ್ತಿಕೊಂಡಿದ್ದ ಹೆಂಗಸು. ಬಾಯಿ ತೆರೆದಳು, ಮಾತು ಬರಲಿಲ್ಲ. ಒಣಗಿದ ನಾರು ಉಜ್ಜಿದಂಥ ಸದ್ದು ಮಾತ್ರ ಬಂತು. ತನ್ನ ಕತ್ತು ಮುಟ್ಟಿ ತೋರಿಸಿದಳು. ಒಳಗಿನ ಉದ್ದನೆಯ ಶೆಡ್ಡಿನ ಕಡೆ ಬೆರಳು ಮಾಡಿದಳು. ಬೇಡ, ಬೇಡ ಎಂದು ತಲೆ ಅಲ್ಲಾಡಿಸಿದಳು. ಅವಳ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದದ್ದೇನನ್ನೋ ಯಾರೋ ಒರೆಸಿ ಹಾಕಿದ ಕಲೆಗಳಿದ್ದವು.

"ಚಿಲ್ಲರೆ ಇಲ್ಲಮ್ಮ," ಎಂದು ಹೊಸಬಳು ನಗುತ್ತ ಕೈ ಬಿಡಿಸಿಕೊಂಡಳು.

ಗೇಟು ದಾಟುವಷ್ಟರಲ್ಲಿ ಆ ಮುಖ ಹೇಗಿತ್ತು ಎಂಬುದೇ ಅವಳಿಗೆ ಮರೆತುಹೋಗಿತ್ತು. ಅದೊಂದು ವಿಚಿತ್ರ ಎಂದು ನಿಂತು ಯೋಚಿಸಿದ್ದರೆ ಬದುಕಿಕೊಳ್ಳುತ್ತಿದ್ದಳು. ಆದರೆ ಜನರನ್ನು ಒಂದು ಮಾಡುವುದು ತನಗೆ ನೀರು ಕುಡಿದಷ್ಟು ಸಲೀಸು ಎಂದು ಧಣಿಯ ಮುಂದೆ ಎದೆ ತಟ್ಟಿಕೊಂಡು ಬಂದವಳು, ಗೇಟಿನ ಮೂಗಿಗೆಲ್ಲ ಸೊಪ್ಪು ಹಾಕುತ್ತಾಳೆಯೇ.

ಅದು ಹಗ್ಗದ ಕಾರ್ಖಾನೆ. ಇರುವುದು ಒಂದೇ ಶೆಡ್ಡು, ಆದರೆ ಒಂದು ಬೀದಿಯಷ್ಟು ಉದ್ದ. ಹಗ್ಗಕ್ಕೆ ಬಳಿಯುವ ಟಾರಿನ ಹೊಗೆ ಕೂತು ಕೂತು ಗಾಜಿನ ಹೆಂಚುಗಳೆಲ್ಲ ಕಪ್ಪಾಗಿ, ಒಳಗೆ ನಡುಹಗಲಲ್ಲೂ ಮುಸ್ಸಂಜೆ. ಒಂದು ತುದಿಯ ಬಾಗಿಲು ಗುಡ್ಡದ ಕಡೆಗೆ, ಇನ್ನೊಂದು ತುದಿಯದು ಹೊಳೆಯ ಕಡೆಗೆ. ಗುಡ್ಡದವರು ನಾರು ಬಾಚಿ ಹುರಿ ಮಾಡುತ್ತಿದ್ದರು. ಹೊಳೆಯವರು ಚಕ್ರ ತಿರುಗಿಸಿ ಆ ಹುರಿಗಳನ್ನು ಹಗ್ಗವಾಗಿ ಹೊಸೆಯುತ್ತಿದ್ದರು. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರ ಹೊಟ್ಟೆ ತುಂಬುವುದಿಲ್ಲ. ಹಾಗಿದ್ದೂ ಅಜ್ಜ ಮುತ್ತಜ್ಜನ ಕಾಲದಿಂದ ಮಾತುಕತೆ ಬಂದ್. ಇವರ ಬಾಗಿಲಿಂದ ಅವರು ಬರುವುದಿಲ್ಲ, ಅವರ ಕೊಡದ ನೀರು ಇವರು ಕುಡಿಯುವುದಿಲ್ಲ. ಆದ್ದರಿಂದ ನಡುವೆ ಒಬ್ಬರು ಬೇಕೇಬೇಕು. ಶೆಡ್ಡಿನ ಮಧ್ಯದ ಕಂಬದ ಹತ್ತಿರ ನಿಂತು, ಹುರಿಯ ಬಿಗಿ ಕೈಯಲ್ಲಿ ಮುಟ್ಟಿ ನೋಡಿ, ಎರಡೂ ತುದಿಗೆ ಕೇಳುವ ಹಾಗೆ "ತಿರುಗಲಿ", "ನಿಲ್ಲಲಿ", "ಸಡಿಲ ಬಿಡಿ" ಎಂದು ಕೂಗುವವರು. ಆ ಕೆಲಸಕ್ಕೆ ಯಾವಾಗಲೂ ಹೊರಗಿನವರೇ. ಒಂದು ಕಡೆಯವರು ಕೂಗಿದರೆ ಇನ್ನೊಂದು ಕಡೆಯವರಿಗೆ ಕಿವಿಯೇ ಕೇಳಿಸುವುದಿಲ್ಲವಲ್ಲ.

ಹೊಸಬಳ ಆಸ್ತಿಯೆಂದರೆ ಅವಳ ಗಂಟಲು. ಗಂಡ ಕೈಬಿಟ್ಟ ಮೇಲೆ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಮಗಳನ್ನು ಸಾಕಿದವಳು. ಈಗ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಬಂದಿದ್ದಳು. ದಿನಾ ಸಂಜೆ ಫೋನಿನಲ್ಲಿ ಒಂದು ಕತೆ ಹೇಳಬೇಕು, ಹುಲಿಗೆ ಹುಲಿಯ ದನಿ, ಇಲಿಗೆ ಇಲಿಯ ದನಿ ಮಾಡಿ ಹೇಳಬೇಕು. ಇಲ್ಲದಿದ್ದರೆ ಆ ಹುಡುಗಿ ನಿದ್ದೆ ಮಾಡಲೊಲ್ಲಳು. ಎರಡು ಕಡೆಯವರನ್ನೂ ಒಂದು ಮಾಡಿಕೊಡು, ಇಲ್ಲೇ ಮನೆ ಕೊಡ್ತೀನಿ, ಮಗಳನ್ನ ಕರೆಸ್ಕೋ ಎಂದಿದ್ದ ಧಣಿ. ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ.

ಬಂದ ದಿನವೇ ಎಲ್ಲರ ಬಾಯಲ್ಲಿ ಅವಳು 'ಹೊಸಮ್ಮ' ಆದಳು.

ಗುಡ್ಡದವರ ಪೈಕಿ ಹಿರಿಯಳು ನಾರಜ್ಜಿ. ನಾರು ಬಾಚಿ ಬಾಚಿ ಬೆರಳುಗಳೇ ಬಾಚಣಿಗೆಯ ಹಲ್ಲಿನಂತಾಗಿದ್ದ ಮುದುಕಿ. ಹೊಸಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ದನಿ ತಗ್ಗಿಸಿದಳು.

"ನಿನಗಿಂತ ಮುಂಚೆ ಒಬ್ಬಳು ಕೂಗೋಳಿದ್ಳು ಮಗಳೇ. ನಮ್ಮವಳು. ನಮ್ಮ ತಟ್ಟೇಲೇ ಉಂಡೋಳು. ಹೊಳೆಯವರು ಸಾಯಿಸಿಬಿಟ್ರು." ಬಲಗಣ್ಣು ಒರೆಸಿಕೊಂಡಳು. "ನೀನು ಆ ಕಂಬದ ಗಂಟು ಮಾತ್ರ ಮುಟ್ಟಬೇಡ."

ಹೊಳೆಯವರ ಹಿರಿಯ ಚಕ್ರದ ಮಾವ. ಚಕ್ರ ತಿರುಗಿಸಿ ಒಂದು ಭುಜ ಕೆಳಗಾಗಿದ್ದ ದೊಡ್ಡಾಳು. ಅವನೂ ದನಿ ತಗ್ಗಿಸಿದ.

"ನಿಮ್ಮ ಮುಂಚಿನವಳು ನಮ್ಮವಳಮ್ಮ. ನಮ್ಮ ತಟ್ಟೇಲೇ ಉಂಡೋಳು. ಆ ಗುಡ್ಡದವರು ಸಾಯಿಸಿಬಿಟ್ರು." ಅವನೂ ಬಲಗಣ್ಣನ್ನೇ ಒರೆಸಿಕೊಂಡ. "ಗಂಟಿನ ಸುದ್ದಿಗೆ ಹೋಗ್ಬೇಡಿ."

"ಗೇಟಿನ ಹತ್ರ ಒಬ್ಬಳು ಮೂಗಿ ಕೂತಿರ್ತಾಳಲ್ಲ, ಅವಳ್ಯಾರು?"

"ಅವಳು ಆ ಕಡೆಯವಳು. ಹತ್ರ ಸೇರಿಸ್ಬೇಡಿ."

ನಾರಜ್ಜಿಯನ್ನು ಕೇಳಿದರೆ ಅವಳದೂ ಅದೇ ಉತ್ತರ: ಆ ಕಡೆಯವಳು. ಹೊಸಮ್ಮನಿಗೆ ನಗು ತಡೆಯಲಾಗಲಿಲ್ಲ. "ಎರಡು ಕಡೆಯವರೂ ಒಂದೇ ಪಾಠ ಉರು ಹೊಡೆದಿದ್ದಾರೆ ಕಣೆ ಅಕ್ಕ," ಎಂದು ಸಂಜೆ ಫೋನಿನಲ್ಲಿ ಹೇಳಿಕೊಂಡು ನಕ್ಕಳು.

ನಡುಗಂಬದ ಗಂಟು ಅಂದರೆ ಕಂಬದ ನೆತ್ತಿಯಿಂದ ತೂಗಿಬಿಟ್ಟಿದ್ದ ಒಂದು ಕಪ್ಪು ಮುದ್ದೆ. ಬಿಂದಿಗೆಯಷ್ಟು ದಪ್ಪ. ಯಾರಿಗಾದರೂ ಆ ಕಡೆಯವರ ಮೇಲೆ ಸಿಟ್ಟು ನೆತ್ತಿಗೇರಿದರೆ, ತನ್ನ ಒಂದು ಕೂದಲು ಕಿತ್ತು, ಆಗದವರ ಒಂದು ಕೂದಲನ್ನು ಹೇಗೋ ಸಂಪಾದಿಸಿ, ಎರಡನ್ನೂ ಚೂರು ನಾರಿನಲ್ಲಿ ಗಂಟು ಹಾಕಿ, ಉಗುಳಿ, ಬಿಸಿ ಟಾರಿನಲ್ಲಿ ಅದ್ದಿ, ಅಲ್ಲಿ ಸೇರಿಸಿ ಬರುತ್ತಿದ್ದರು. ಹಿಂದೆ ಎರಡೂ ಕಡೆಯವರು ಕೊಡಲಿ ಹಿಡಿದು ನಿಂತಾಗ ಮಾಟದವಳೊಬ್ಬಳು ಬಂದು, ದ್ವೇಷವನ್ನೆಲ್ಲ ಹೀಗೆ ಕಂಬಕ್ಕೆ ಕಟ್ಟುವುದನ್ನು ಕಲಿಸಿ ಹೋದಳಂತೆ. ಒಂದು ದಿನ ಗುಡ್ಡದ ಹೆಣ್ಣಾಳೊಬ್ಬಳು ಹೀಗೆ ಕಟ್ಟುವುದನ್ನು ಹೊಸಮ್ಮ ಕಣ್ಣಾರೆ ಕಂಡಳು. ಕಟ್ಟುವ ಮೊದಲು ಆ ಮುಖ ಧಗಧಗ ಉರಿಯುತ್ತಿತ್ತು. ಕಟ್ಟಿ ತಿರುಗಿದಾಗ ಅದೇ ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ಗಂಟಿನ ಹತ್ತಿರ ಹೋದರೆ ವಾಸನೆ, ಹಳೆಯ ಬೆವರಿನದು, ಯಾರದೋ ತಲೆದಿಂಬಿನದು. ಗಾಳಿ ಇಲ್ಲದಿದ್ದರೂ ಅದು ಸಣ್ಣಗೆ ತೂಗುತ್ತಿತ್ತು.

ಇದೇ ರೋಗದ ಬೇರು ಎಂದು ಹೊಸಮ್ಮ ತೀರ್ಮಾನಿಸಿದಳು. ಒಂದು ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಎಲ್ಲರೂ ನೋಡುತ್ತಿದ್ದಂತೆ ಏಣಿ ಹತ್ತಿ, ಹಗ್ಗ ಕಡಿಯುವ ಕೈಗೊಡಲಿಯಿಂದ ಅದನ್ನು ಕಡಿದು ಕೆಡವಿದಳು. ಟಾರು ಕುದಿಯುವ ಒಲೆಗೆ ಎಸೆದಳು.

"ನೋಡಿ, ಆಕಾಶ ಏನಾದ್ರೂ ಕಳಚಿ ಬಿತ್ತಾ? ನಾಳೆಯಿಂದ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡಿ."

ಕೂದಲು ಸುಡುವ ಕಮಟು ಶೆಡ್ಡು ತುಂಬಿತು. ಒಲೆಯೊಳಗೆ ಗಂಟು ಚಟಚಟ ಸಿಡಿಯಿತು. ಎರಡೂ ತುದಿಯವರು ಬೆಂಕಿಯನ್ನೇ ನೋಡುತ್ತಿದ್ದವರು, ಗಂಟು ಬೂದಿಯಾದ ಮೇಲೆ, ನಿಧಾನವಾಗಿ ಕಣ್ಣು ಹೊರಳಿಸಿ ಅವಳನ್ನು ನೋಡಿದರು.

"ಮುಂಚಿನವಳೂ ಹೀಗೇ ಸುಟ್ಟಿದ್ಳು," ಎಂದಳು ನಾರಜ್ಜಿ. ಅಷ್ಟೇ ಹೇಳಿ ಎದ್ದು ಹೋದಳು.

ಮಾರನೆಯ ದಿನ ಕೆಟ್ಟದ್ದೇನೂ ಆಗಲಿಲ್ಲ. ಆದದ್ದೆಲ್ಲ ಒಳ್ಳೆಯದೇ. ಚಕ್ರದ ಮಾವ ಗುಡ್ಡದ ಬಾಗಿಲಿಂದ ಒಳಗೆ ಬಂದ. ನಾರಜ್ಜಿ ಹೊಳೆಯವರ ಕೊಡದಿಂದ ನೀರು ಕುಡಿದಳು. ಊಟದ ಹೊತ್ತಿಗೆ ಒಂದೇ ಸಾಲಿನಲ್ಲಿ ಕೂತು ಉಂಡರು. ಹೊಸಮ್ಮನ ಕಣ್ಣು ತುಂಬಿ ಬಂತು. ಇಷ್ಟೇನಾ, ಇದಕ್ಕೇನಾ ಇಷ್ಟು ವರ್ಷ ಹಾವು ಮುಂಗುಸಿಯ ಹಾಗಿದ್ದದ್ದು ಎಂದು ಉಬ್ಬಿಹೋದಳು. ಈಗ ಅವರು ಪರಸ್ಪರ ಆಡುವ ಮಾತು ಅವಳು ಹತ್ತಿರ ಬಂದಾಗ ನಿಲ್ಲುತ್ತಿತ್ತು ಎಂಬುದು ಅವಳ ಗಮನಕ್ಕೆ ಬಂತು, ಆದರೆ ಮೇಲಿನವಳೆಂಬ ಮರ್ಯಾದೆ ಇರಬೇಕು ಎಂದುಕೊಂಡಳು. ಹೊಗಳಿಸಿಕೊಳ್ಳುವ ಆಸೆ ಇದ್ದವರಿಗೆ ಎಲ್ಲವೂ ಹೊಗಳಿಕೆಯ ಹಾಗೇ ಕಾಣುತ್ತದೆ.

ಪ್ರೀತಿಯೂ ಏನು ಕಡಿಮೆಯೇ. ಸಂಜೆ ಕೆಲಸ ಬಿಟ್ಟ ಮೇಲೆ ನಾರಜ್ಜಿ ಅವಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. "ಎಷ್ಟು ಚೆಂದದ ಕೂದಲು ಮಗಳೇ, ನೋಡ್ಕೊಳ್ಳೋರಿಲ್ಲ," ಎನ್ನುವಳು. ತಾಯಿ ಸತ್ತಂದಿನಿಂದ ಹೊಸಮ್ಮನ ತಲೆಗೆ ಇನ್ನೊಬ್ಬರ ಕೈ ಬಿದ್ದಿರಲಿಲ್ಲ. ಕಣ್ಣು ಮುಚ್ಚಿ ಕೂತುಬಿಡುತ್ತಿದ್ದಳು. ಬಾಚಣಿಗೆಗೆ ಸಿಕ್ಕಿ ಉದುರಿದ ಕೂದಲನ್ನು ಅಜ್ಜಿ ಬೆರಳಿಗೆ ಸುತ್ತಿ ಸುತ್ತಿ ಎಲ್ಲಿಡುತ್ತಿದ್ದಳು ಎಂದು ಅವಳು ಯಾವತ್ತೂ ಕೇಳಲಿಲ್ಲ. ಚಕ್ರದ ಮಾವ ಬೆಳಿಗ್ಗೆ ಬೆಳಿಗ್ಗೆ ಒಂದು ಲೋಟ ಬಿಸಿನೀರು ತಂದು ಕೊಡುತ್ತಿದ್ದ. "ಕೂಗಿ ಕೂಗಿ ಗಂಟಲು ಒಣಗುತ್ತೆ, ಕುಡೀರಮ್ಮ. ಎಲ್ಲಾ ಮುಗಿಸ್ಬೇಕು." ಅವಳು ಕೊನೆಯ ಗುಟುಕಿನವರೆಗೂ ಕುಡಿಯುತ್ತಿದ್ದಳು.

ಮೊದಲು ಗಂಟಲು ಕೆರೆಯಿತು. ಆಮೇಲೆ ದನಿ ಒಡೆಯಿತು. ಒಂದು ಬೆಳಿಗ್ಗೆ ನಾಲಿಗೆಯ ಹಿಂದೆ ಏನೋ ಸಿಕ್ಕಿಕೊಂಡ ಹಾಗಾಗಿ, ಕನ್ನಡಿಯ ಮುಂದೆ ಬಾಯಿ ತೆರೆದು ಬೆರಳು ಹಾಕಿದಳು. ಕೂದಲು. ಎಳೆದಳು. ಬಂತು. ಇನ್ನೂ ಎಳೆದಳು, ಇನ್ನೂ ಬಂತು. ಮೊಳ ಉದ್ದ. ತುದಿಯಲ್ಲಿ ಟಾರು ಮೆತ್ತಿದ ಒಂದು ಪುಟ್ಟ ಗಂಟು.

ಓಡಿ ಹೋಗಿ ನಾರಜ್ಜಿಗೆ ತೋರಿಸಿದಳು. ಅವಳಿಗಿದ್ದ ಆಸರೆ ಅದೇ ತಾನೇ.

"ಊಟದಲ್ಲಿ ಸೇರ್ಕೊಂಡಿರ್ಬೇಕು ಬಿಡು," ಎಂದು ನಾರಜ್ಜಿ ಅವಳ ಬೆನ್ನು ಸವರಿದಳು. ಕೂದಲನ್ನು ಅವಳ ಕೈಯಿಂದ ಮೆಲ್ಲನೆ ತೆಗೆದುಕೊಂಡಳು. "ನಾನು ಬಿಸಾಕ್ತೀನಿ, ಕೊಡು."

ಆ ಸಂಜೆ ಫೋನಿನಲ್ಲಿ ಹುಲಿಯ ದನಿ ಮಾಡಲು ಹೋದಳು. ಒಣ ನಾರು ಉಜ್ಜಿದಂಥ ಸದ್ದು ಬಂತು. ಆ ಸದ್ದನ್ನು ಎಲ್ಲೋ ಕೇಳಿದ್ದೆ ಎನ್ನಿಸಿತು, ಎಲ್ಲಿ ಎಂದು ನೆನಪಾಗಲಿಲ್ಲ. ಆ ಕಡೆಯಿಂದ ಮಗಳ ದನಿ ಸಣ್ಣಗೆ ಕೇಳಿಸಿತು, "ದೊಡ್ಡಮ್ಮ, ಇದು ನಮ್ಮಮ್ಮ ಅಲ್ಲ."

ಇನ್ನೊಂದು ಕೆಲಸ ಬಾಕಿ ಇತ್ತು. ಧಣಿ ಹೇಳಿದ್ದ ದೊಡ್ಡ ಹಗ್ಗ, ತೊಡೆಯಷ್ಟು ದಪ್ಪದ್ದು, ಎರಡು ಕಡೆಯವರೂ ಮನಸ್ಸಿಟ್ಟು ಹೊಸೆಯಬೇಕಾದದ್ದು. ಅದು ಮುಗಿದರೆ ಮನೆ ಸಿಗುತ್ತದೆ, ಮಗಳು ಬರುತ್ತಾಳೆ, ಆಮೇಲೆ ಗಂಟಲನ್ನು ಡಾಕ್ಟರಿಗೆ ತೋರಿಸಿದರಾಯಿತು. ಹಾಗೆಂದುಕೊಂಡು ಹೊಸಮ್ಮ ಕತ್ತಿಗೆ ಬಟ್ಟೆ ಸುತ್ತಿಕೊಂಡು ನಡುಗಂಬದ ಹತ್ತಿರ ಬಂದು ನಿಂತಳು. ಎರಡೂ ತುದಿ ಕತ್ತಲಲ್ಲಿತ್ತು. ಅಲ್ಲಿಂದ ಇಲ್ಲಿಯವರೆಗೆ ಬಿಗಿದ ಹುರಿಗಳು ಮಾತ್ರ ಮಂಕಾಗಿ ಹೊಳೆಯುತ್ತಿದ್ದವು.

"ತಿರುಗಲಿ," ಎಂದಳು, ಇದ್ದಬದ್ದ ದನಿಯನ್ನೆಲ್ಲ ಸೇರಿಸಿ.

ಚಕ್ರ ಕಿರುಗುಟ್ಟಿತು. ಹುರಿಗಳು ಒಂದರ ಮೇಲೊಂದು ಬಿದ್ದು ಹೊಸೆದುಕೊಳ್ಳತೊಡಗಿದವು. ಬಿಗಿ ನೋಡಲು ಅವಳು ಎಂದಿನಂತೆ ಹುರಿಗಳ ನಡುವೆ ಬೆರಳಿಟ್ಟಳು. ಒರಟು ನಾರಿರಬೇಕಾದ ಜಾಗದಲ್ಲಿ ನುಣುಪು ತಾಗಿತು. ಬೆಚ್ಚಗಿನ ನುಣುಪು. ಬಗ್ಗಿ ನೋಡಿದಳು.

ದೊಡ್ಡ ಹಗ್ಗಕ್ಕೆ ಎಲ್ಲ ಹುರಿಗಳ ಮಧ್ಯೆ ಒಂದು ನಡುಹುರಿ ಇರುತ್ತದೆ, ಉಳಿದವೆಲ್ಲ ಅದನ್ನು ಸುತ್ತಿಕೊಳ್ಳುತ್ತವೆ. ಈ ಹಗ್ಗದ ನಡುಹುರಿ ಕೂದಲಿನದು. ಅವಳ ಕೂದಲಿನದು. ಎಡಗಿವಿಯ ಹಿಂದೆ ಬೆಳ್ಳಗಾಗಿದ್ದ ಎಳೆಗಳು ಕೂಡ ಅಲ್ಲಿದ್ದವು. ಗುಡ್ಡದವರು ಬಾಚಿ ಹದ ಮಾಡಿದ್ದರು. ಹೊಳೆಯವರು ಹೊಸೆದಿದ್ದರು. ಇಷ್ಟು ಅಚ್ಚುಕಟ್ಟಾಗಿ ಅವರು ಜೊತೆಗೂಡಿ ಮಾಡಿದ ಮೊದಲ ಕೆಲಸ ಇದೇ.

ಚಕ್ರ ಒಂದು ಸುತ್ತು ತಿರುಗಿತು. ಅವಳ ಕತ್ತು ಬಿಗಿಯಿತು.

ನಿಲ್ಲಲಿ. ಬಾಯಿ ತೆರೆದಳು. ನಿಲ್ಲಲಿ. ದನಿ ಹೊರಡಲಿಲ್ಲ.

ಹಗ್ಗದೊಳಗಿಂದ ಹೊರಟಿತು. ಅವಳದೇ ದನಿ, ಹರಾಜು ಕೂಗಿದ ದನಿ, ಹುಲಿಯ ಕತೆ ಹೇಳಿದ ದನಿ. "ತಿರುಗಲಿ," ಎಂದಿತು.

ಇನ್ನೊಂದು ಸುತ್ತು. ಉಸಿರು ಸಿಕ್ಕಿಕೊಂಡಿತು. ಕಿವಿಯಲ್ಲಿ ಗುಂಯ್ ಎಂದಿತು. ಟಾರಿನ ವಾಸನೆ ಈಗ ಮೂಗಿನಲ್ಲಲ್ಲ, ಎದೆಯೊಳಗೆ. ಕೈ ಚಾಚಿದಳು. ಗುಡ್ಡದ ಕಡೆಯಿಂದ ನಾರಜ್ಜಿ ನಡೆದು ಬರುತ್ತಿದ್ದಳು. ಬಂದಳು, ಸದ್ಯ, ಬಂದಳು ಎಂದುಕೊಂಡಳು ಹೊಸಮ್ಮ. ನಾರಜ್ಜಿ ಬಂದು ಅವಳ ಕೆನ್ನೆಯ ಮೇಲಿನ ಕೂದಲನ್ನು ಸರಿ ಮಾಡಿದಳು.

"ನಮಗೆ ಅವರ ಮೇಲೆ ಸಿಟ್ಟಿತ್ತು ಮಗಳೇ, ಅವರಿಗೆ ನಮ್ಮ ಮೇಲೆ. ಅದನ್ನ ಅಲ್ಲಿ ಕಟ್ಟಿಟ್ಟಿದ್ವಿ. ನೀನು ಸುಟ್ಟೆ. ಅದು ಎಲ್ಲಾದ್ರೂ ಹೋಗ್ಬೇಕಲ್ಲ."

ಆ ಮಾತಿನಲ್ಲಿ ಕೋಪ ಇರಲಿಲ್ಲ. ಅದೇ ಹೆಚ್ಚು ನೋಯಿಸಿತು. ದಿನಾ ತಲೆ ಬಾಚಿದ ಕೈ ಅದು, ಕಣ್ಣು ಮುಚ್ಚಿ ನಂಬಿದ್ದ ಕೈ. ಹೊಳೆಯ ಕಡೆ ನೋಡಿದಳು. ಚಕ್ರದ ಮಾವ ಹಿಡಿಯ ಮೇಲೆ ಭುಜವಿಟ್ಟು ತಿರುಗಿಸುತ್ತಿದ್ದ, ಅವಳನ್ನು ನೋಡಿ ಮುಗುಳ್ನಗುತ್ತಿದ್ದ. ನಾರಜ್ಜಿಯ ಮುಖದಲ್ಲೂ ಅದೇ ನಗು. ಸಾಲಾಗಿ ನಿಂತವರೆಲ್ಲರ ಮುಖದಲ್ಲೂ ಅದೇ. ಗುಡ್ಡದವರು ಯಾರು, ಹೊಳೆಯವರು ಯಾರು ಎಂದು ಹೇಳಲಾಗದಷ್ಟು ಒಂದೇ ಆಗಿದ್ದರು. ಅವಳು ಬಯಸಿದ್ದ ಹಾಗೇ.

"ತಿರುಗಲಿ," ಎಂದಿತು ಹಗ್ಗ.

ಕಣ್ಣು ಕತ್ತಲಿಟ್ಟಿತು. ಮಗಳು. ಕೈ ತಡಕಾಡಿತು. ಕಂಬ. ಕಂಬದ ಬುಡ. ಕೈಗೊಡಲಿ. ಎತ್ತಿದಳು. ಬೀಸಿದಳು. ತಗಲಲಿಲ್ಲ. ಮತ್ತೆ ಎತ್ತಿದಳು. ಬೀಸಿದಳು. ಹಗ್ಗ ಚೀರಿತು. ಅವಳದೇ ಚೀರಾಟ. ಮತ್ತೆ ಹೊಡೆದಳು.

ಹಗ್ಗ ತುಂಡಾಯಿತು. ಒಂದು ತುಂಡು ಚಾಟಿಯಂತೆ ಸಿಡಿದು ಗುಡ್ಡದ ಕಡೆಗೆ ಹೋಯಿತು, ಇನ್ನೊಂದು ಹೊಳೆಯ ಕಡೆಗೆ. ಅವಳ ದನಿ ಅರ್ಧ ಅದರಲ್ಲಿ ಹೋಯಿತು, ಅರ್ಧ ಇದರಲ್ಲಿ. ಉಸಿರು ಮಾತ್ರ ಅವಳಿಗೆ ಉಳಿಯಿತು.

ನೆಲದ ಮೇಲೆ ಬಿದ್ದು ಏದುಸಿರು ಬಿಡುತ್ತಿದ್ದಾಗ ಕೂಗಾಟ ಕೇಳಿಸಿತು. "ಬಿಗಿ ತಪ್ಪಿಸಿದ್ದು ನೀವು." "ನಾವಲ್ಲ, ಕೆಟ್ಟ ನಾರು ಕೊಟ್ಟಿದ್ದು ನೀವು." "ಪಾಪ, ಹೊಸಮ್ಮ ಸತ್ತೇಹೋದ್ಳು ನಿಮ್ಮಿಂದ." "ಕೊಂದಿದ್ದು ನೀವು, ಅವಳು ನಮ್ಮವಳು." ಅವಳ ಮೈ ದಾಟಿಕೊಂಡು ಓಡಾಡಿದರು. ಒಬ್ಬರೂ ಬಗ್ಗಿ ನೋಡಲಿಲ್ಲ. ನಾನಿನ್ನೂ ಇದ್ದೇನೆ ಎಂದು ಅವಳು ಒಬ್ಬಳ ಕಾಲು ಹಿಡಿದಳು. ಆ ಹೆಂಗಸು ಬಟ್ಟೆಗೆ ಮುಳ್ಳು ಸಿಕ್ಕಿದಂತೆ ಕಾಲು ಕೊಡವಿ ಮುಂದೆ ಹೋದಳು. ಸಂಜೆಯಷ್ಟರಲ್ಲಿ ನಡುಗಂಬಕ್ಕೆ ಹೊಸ ಗಂಟು ಕಟ್ಟಿಯಾಗಿತ್ತು.

ತೆವಳಿಕೊಂಡು ಗೇಟಿನ ಹೊರಗೆ ಬಂದಳು. ರಸ್ತೆಯ ತಿರುವಿನವರೆಗೆ ಹೋದಳು, ಕತ್ತು ಮತ್ತೆ ಬಿಗಿಯಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಹಿಂದಕ್ಕೆ ಬಂದರೆ ಸಡಿಲವಾಗುತ್ತಿತ್ತು. ಅವಳ ದನಿ ಒಳಗಿತ್ತಲ್ಲ, ಅದನ್ನು ಬಿಟ್ಟು ಅವಳು ಹೋಗುವ ಹಾಗಿರಲಿಲ್ಲ. ಕಲ್ಲಿನ ಮೇಲೆ ಕೂತಿದ್ದ ಮೂಗಿ ಅವಳನ್ನೇ ನೋಡುತ್ತಿದ್ದಳು. ಆ ಮುಖ ಈಗ ಮರೆಯಲಿಲ್ಲ, ಸ್ಪಷ್ಟವಾಗಿ ಕಂಡಿತು. ನಡುಗಂಬದ ಹತ್ತಿರ ನಿಂತು ಕೂಗಿದ, ಎರಡು ಕಡೆಯವರೂ ನಮ್ಮವಳು ಎಂದು ಕಣ್ಣೊರೆಸಿಕೊಳ್ಳುತ್ತಿದ್ದ, ಸತ್ತಳೆಂದು ಎಲ್ಲರೂ ಹೇಳಿದ ಆ ಮುಂಚಿನವಳು. ಅವಳು ಸರಿದು ಕಲ್ಲಿನ ಮೇಲೆ ಜಾಗ ಮಾಡಿಕೊಟ್ಟಳು.

ಹೊಸಮ್ಮ ನಡೆದದ್ದನ್ನೆಲ್ಲ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಳು. ಆ ಕಡೆಯವರ ಕೆಲಸ ಎಂದು ಗುಡ್ಡದವರು ಒರೆಸಿದರು. ಮತ್ತೆ ಬರೆದರೆ ಹೊಳೆಯವರು ಅದೇ ಮಾತು ಹೇಳಿ ಒರೆಸಿದರು. ಫೋನು ಮಾಡಿದಳು. "ಯಾರೋ ಬರೀ ಗಾಳಿ ಊದ್ತಿದಾರೆ ದೊಡ್ಡಮ್ಮ," ಎಂದು ಮಗಳು ಫೋನು ಇಟ್ಟುಬಿಟ್ಟಳು.

ಸ್ವಲ್ಪ ದಿನಕ್ಕೆ ಅವಳನ್ನು ಹುಡುಕಿಕೊಂಡು ಅಕ್ಕ ಬಂದಳು, ಮಗಳ ಕೈ ಹಿಡಿದುಕೊಂಡು. ಹೊಸಮ್ಮ ಎದ್ದು ಓಡಿ ಅಡ್ಡ ನಿಂತಳು. ಅಕ್ಕ ಅವಳ ಮುಖ ನೋಡಿದಳು. ಒಡಹುಟ್ಟಿದ ಅಕ್ಕ, ಕಣ್ಣೆದುರೇ ನೋಡಿ, ಪರ್ಸಿಗೆ ಕೈ ಹಾಕಿ ತಡಕಾಡಿ, "ಚಿಲ್ಲರೆ ಇಲ್ಲಮ್ಮ," ಎಂದು ದಾಟಿ ಗುಡ್ಡದ ಬಾಗಿಲಿಂದ ಒಳಗೆ ಹೋದಳು.

ಹೊರಗೆ ಬಂದಾಗ ಅಕ್ಕನ ಕಣ್ಣು ಕೆಂಪಾಗಿತ್ತು. ನಾರಜ್ಜಿ ಗೇಟಿನವರೆಗೆ ಬಂದಿದ್ದಳು, ಮಗುವಿನ ತಲೆ ನೇವರಿಸುತ್ತ, ಬಲಗಣ್ಣು ಒರೆಸಿಕೊಳ್ಳುತ್ತ.

"ನಿಮ್ಮಮ್ಮ ನಮ್ಮವಳು ಪುಟ್ಟಿ. ನಮ್ಮ ತಟ್ಟೇಲೇ ಉಂಡೋಳು. ಹೊಳೆಯವರು ಸಾಯಿಸಿಬಿಟ್ರು. ಮರೀಬೇಡ."

"ಮರೆಯಲ್ಲ ಅಜ್ಜಿ," ಎಂದಳು ಹುಡುಗಿ. ಆ ಪುಟ್ಟ ಮುಖ ಧಗಧಗ ಉರಿಯುತ್ತಿತ್ತು.

ಹೊಸಮ್ಮ ಮಂಡಿಯೂರಿ ಎರಡೂ ಕೈ ಚಾಚಿದಳು. ಮಾತು ಬಾರದಿದ್ದರೆ ಹೋಗಲಿ, ಹುಲಿಯ ಸದ್ದಾದರೂ ಬರಲಿ ಎಂದು ಬಾಯಿ ತೆರೆದಳು. ಮಗಳು ಒಂದು ಕ್ಷಣ ನಿಂತಳು. ತಲೆ ಓರೆ ಮಾಡಿ ಕೇಳಿಸಿಕೊಂಡಳು, ಕತೆ ಕೇಳುವಾಗ ಮಾಡುತ್ತಿದ್ದ ಹಾಗೆಯೇ. ಒಂದು ಹೆಜ್ಜೆ ಮುಂದೆ ಬಂದಳು.

"ಹತ್ರ ಹೋಗ್ಬೇಡ ಪುಟ್ಟಿ," ಎಂದಳು ನಾರಜ್ಜಿ. "ಅವಳು ಆ ಕಡೆಯವಳು."

ಮಗಳು ತಾಯಿಯ ಮುಖಕ್ಕೆ ಉಗಿದಳು. ಆಮೇಲೆ ದೊಡ್ಡಮ್ಮನ ಕೈ ಹಿಡಿದುಕೊಂಡು, ಹಿಂತಿರುಗಿ ನೋಡದೆ, ತಿರುವು ದಾಟಿ ಹೋದಳು. ಕಲ್ಲಿನ ಮೇಲಿದ್ದವಳು ಎದ್ದು ಬಂದು ತನ್ನ ಕತ್ತಿನ ಬಟ್ಟೆಯ ತುದಿಯಿಂದ ಹೊಸಮ್ಮನ ಕೆನ್ನೆ ಒರೆಸಿದಳು.